ಅಣ್ಣನೊಳಗಿದ್ದ ಪಾಲು

ಪ್ರೀತಿಯ ಅತ್ತಿಗೆ,

ಅಣ್ಣ ತೀರಿಕೊಂಡ ದಿನ ನೀವು, "ನೀನು ಕೊಟ್ಟ ಲಿವರ್ ದಂಡ ಆಯ್ತಲ್ಲೇ" ಎಂದು ನನ್ನ ಕೈ ಹಿಡಿದು ಅತ್ತಿರಿ. ಹಾಗೆ ಅನ್ನಬೇಡಿ.

ಲ್ಯಾಬಿನಲ್ಲಿ ನಾನು ಜೀಬ್ರಾ ಮೀನಿನ ಒಂದು ಭ್ರೂಣದಿಂದ ಹೊಳೆಯುವ ಬಣ್ಣ ತುಂಬಿದ ಕೋಶಗಳನ್ನು ಸೂಜಿಯಲ್ಲಿ ಹೀರಿ ಇನ್ನೊಂದಕ್ಕೆ ಸೇರಿಸುತ್ತೇನೆ. ಕರುಳು, ಲಿವರ್ ಕಟ್ಟುವ ಒಳಪದರದಲ್ಲಿ ಅವು ನೆಲೆಸಿದರೆ, ಇನ್ನು ಅವು ಕೊಟ್ಟ ಭ್ರೂಣದವಲ್ಲ, ಪಡೆದ ಭ್ರೂಣದವು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನಾನು ಅದನ್ನು ನಂಬುತ್ತೇನೆಯೇ, ಗೊತ್ತಿಲ್ಲ. ಅಣ್ಣನಂತೂ, "ಬೈಯೋದಾದ್ರೆ ನೋಡ್ಕೊಂಡು ಬೈಯೇ, ಒಳಗಿರೋದು ನಿಂದೇ" ಎನ್ನುತ್ತಿದ್ದ.

ನಿನ್ನೆ ಒಂದು ಭ್ರೂಣ ಸತ್ತಿತ್ತು. ನಾನು ಹಾಕಿದ ಕೋಶಗಳು ಮಾತ್ರ ಇನ್ನೂ ಹೊಳೆಯುತ್ತಿದ್ದವು. ಎಸೆಯಲಾಗದೆ, ಅವು ಮಂಕಾಗುವವರೆಗೂ ನೋಡುತ್ತಾ ಕುಳಿತೆ.

ಅಣ್ಣನ ಸ್ವೆಟರ್ ಯಾರಿಗೂ ಕೊಡಬೇಡಿ. ಮೈಕ್ರೋಸ್ಕೋಪಿನ ಕೋಣೆ ತುಂಬಾ ತಣ್ಣಗಿರುತ್ತದೆ.

ನಿಮ್ಮ ನಾದಿನಿ