ಮಾಳಿಗೆ ಸೇರಿದ ಹಾಲುಹಲ್ಲುಗಳು

ಫೆಬ್ರವರಿ 30, 2171

ತಿಪ್ಪಜ್ಜಿಯವರ ಪಾದಗಳಿಗೆ ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಬೊಮ್ಮಕ್ಕ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಡೈರಿ ಓದಿಯೇ ನಿಮ್ಮ ಕಾಲದ ಕನ್ನಡ ಕಲಿತವಳು ನಾನು. ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಕಳೆದುಹೋದ ಕಾಲಕ್ಕೆ ಒಂದು ಸಲಕ್ಕೆ ಒಂದೇ ಹಾಳೆ ಕಳಿಸುವ ವ್ಯವಸ್ಥೆ ಅದು. ಮುಟ್ಟಿತೋ ಇಲ್ಲವೋ ಯಾರೂ ಹೇಳಲಾರರು.

ನನ್ನ ಮಗಳು ಹೊನ್ನಿಗೆ ಆರು ವರ್ಷ. ಅವಳಿಗೆ ಮಾತಿಳಿತ ಬಂದಿದೆ. ಹತ್ತು ಮಕ್ಕಳಲ್ಲಿ ಮೂವರಿಗೆ ಬರುವ ರೋಗ. ಕಲಿತ ಮಾತು ಒಂದೊಂದಾಗಿ ಹೋಗಿಬಿಡುತ್ತದೆ. ದೀಪಾವಳಿ ಹೊತ್ತಿಗೆ ‘ರೊಟ್ಟಿ’ ಹೋಯಿತು. ಈಗ ಹಸಿವಾದರೆ ತಟ್ಟೆ ಹಿಡಿದು ಒಲೆಪೆಟ್ಟಿಗೆಯ ಮುಂದೆ ನಿಲ್ಲುತ್ತಾಳೆ. ಬೆಂಕಿಯಿಲ್ಲದೆ ಬೇಯಿಸುವ ನಮ್ಮ ಒಲೆ ಅದು. ಆಮೇಲೆ ತಮ್ಮನ ಹೆಸರು ಹೋಯಿತು. ‘ಅಕ್ಕಾ, ನಾನ್ ಯಾರೇಳು’ ಎಂದು ಅವನು ದಿನವೂ ಪೀಡಿಸುತ್ತಾನೆ, ಬೈದರೂ ಬಿಡುವುದಿಲ್ಲ. ‘ಅವ್ವ’ ಒಂದು ಉಳಿದಿದೆ.

ಬಸಿರಿನಲ್ಲೇ ಮಗುವಿನ ಮೈ ಸೇರುವ ಯಾವುದೋ ವಿಷ ತಲೆಮಾರಿನಿಂದ ತಲೆಮಾರಿಗೆ ಹೆಚ್ಚಿದೆ ಎನ್ನುತ್ತಾರೆ ವೈದ್ಯರು. ಯಾವುದೆಂದು ತಿಳಿಯಲು ನಿಮ್ಮ ಕಾಲದ ಮಕ್ಕಳ ಹಾಲುಹಲ್ಲು ಬೇಕು. ಮೈ ಸೇರಿದ್ದೆಲ್ಲ ಅದರಲ್ಲಿ ಪದರ ಪದರವಾಗಿ ಉಳಿದಿರುತ್ತದಂತೆ. ಅಯ್ಯೋ ಅಜ್ಜಿ, ಆ ಹಲ್ಲುಗಳು ನಿಮ್ಮ ಕೈಯಲ್ಲೇ ಇದ್ದವಲ್ಲ!

ಅಂಗನವಾಡಿ ಟೀಚರಾಗಿದ್ದ ನೀವು ಮಕ್ಕಳ ಬೆಳವಣಿಗೆಯ ಸಂಶೋಧನೆಗೆಂದು ಹಳ್ಳಿ ಹಳ್ಳಿ ತಿರುಗಿ, ತಾಯಂದಿರನ್ನು ಕಾಡಿ ಬೇಡಿ ಸಾವಿರಕ್ಕೂ ಹೆಚ್ಚು ಹಲ್ಲು ಕೂಡಿಸಿದಿರಿ. ಒಂದೊಂದಕ್ಕೂ ಒಂದು ಡಬ್ಬಿ, ಡಬ್ಬಿಯ ಮೇಲೆ ಮಗುವಿನ ಹೆಸರು. ಇಪ್ಪತ್ತು ವರ್ಷ ನಡೆಯಬೇಕಿದ್ದ ಕೆಲಸಕ್ಕೆ ಮೂರೇ ವರ್ಷದಲ್ಲಿ ಹಣ ನಿಲ್ಲಿಸಿದರು. ಇನ್ನೂ ಫಲಿತಾಂಶ ಬಂದಿಲ್ಲವಲ್ಲ ಎಂದರಂತೆ ದೊಡ್ಡ ಮನುಷ್ಯರು. ಮಗು ಬೆಳೆಯಲು ಮೂರು ವರ್ಷ ಸಾಕೇ? ನೆನೆದರೆ ಮೈಯೆಲ್ಲ ಉರಿಯುತ್ತದೆ ನನಗೆ. ಡಬ್ಬಿಗಳನ್ನು ಕಸಕ್ಕೆ ಹಾಕಿ ಎಂದರು. ನಿಮಗೆ ಮನಸ್ಸು ಬರಲಿಲ್ಲ. ಮನೆಮನೆಗೆ ಹೋಗಿ ಹಲ್ಲು ಹಿಂದಿರುಗಿಸಿದಿರಿ. ‘ನಮ್ ಮಗೀನ ಹಲ್ಲು ನಮ್ ಮನೆ ಸೇರ್ತು, ನಿಂಗೆ ಪುಣ್ಯ ಬರ್ಲಿ ಕಣವ್ವ’ ಎಂದು ತಾಯಂದಿರು ಹರಸಿದ್ದನ್ನು ಡೈರಿಯಲ್ಲಿ ಸಂತೋಷದಿಂದ ಬರೆದಿದ್ದೀರಿ. ಅವರು ಪದ್ಧತಿಯಂತೆ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆದರು. ಮಳೆಗಾಲ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ನೀವು ಮನೆಯಿಂದ ಹೊರಡುವ ಮುಂಚೆ ಈ ಕಾಗದ ಸಿಕ್ಕರೆ, ದಮ್ಮಯ್ಯ, ಹಲ್ಲು ಹಿಂದಿರುಗಿಸಬೇಡಿ. ಡೈರಿ ಇಡುವ ಟ್ರಂಕಿನಲ್ಲೇ ಇಟ್ಟುಬಿಡಿ. ಆ ಟ್ರಂಕು ಈಗ ನನ್ನ ಮನೆಯಲ್ಲಿದೆ. ಇದು ನಾನು ಬರೆಯುತ್ತಿರುವ ನಾಲ್ಕನೆಯ ಕಾಗದ. ಹಿಂದಿನ ಮೂರನ್ನೂ ಕಳಿಸಿ ಬಂದು ಮುಚ್ಚಳ ತೆಗೆದು ನೋಡಿದೆ. ಡೈರಿಯೊಂದೇ ಇತ್ತು.

ನಿನ್ನೆ ಇಷ್ಟು ಬರೆದು ಎದ್ದಿದ್ದೆ. ಇವತ್ತು ಬೆಳಿಗ್ಗೆ ಹೊನ್ನಿಯ ಮೊದಲ ಹಲ್ಲು ಬಿತ್ತು. ಅಂಗೈಯಲ್ಲಿ ಹಿಡಿದು ಓಡಿ ಬಂದಳು. ನನ್ನನ್ನು ಕರೆಯಲು ಬಾಯಿ ತೆರೆದಳು, ಹಾಗೇ ನಿಂತಳು. ಆಮೇಲೆ ನನ್ನ ಸೆರಗು ಜಗ್ಗಿದಳು.

ಆ ಹಲ್ಲನ್ನು ಡಬ್ಬಿಗೆ ಹಾಕಿ, ಅವಳ ಹೆಸರು ಬರೆದು, ನಿಮ್ಮ ಟ್ರಂಕಿನಲ್ಲಿ ಇಟ್ಟಿದ್ದೇನೆ. ಅಲ್ಲಿರುವುದು ಅದೊಂದೇ ಹಲ್ಲು.

ಬೊಮ್ಮಕ್ಕ