ರೈಲ್ವೆ ಗೇಟಿನಲ್ಲಿ ನಿಂತ ಮಾತು

ಹೊಳೆನರಸೀಪುರ
೧೨-೮-೨೦೦೬

ಶ್ರೀ ಕುಮಾರ್ ಅವರಿಗೆ ನಮಸ್ಕಾರ.

ಗಂಟಲಿನ ಆಪರೇಷನ್ ಆದಮೇಲೆ ನನ್ನ ಹೆಂಡತಿ ವೇದವತಿಗೆ ದನಿಯಿಲ್ಲ. ಕೈ ನಡುಗುವುದರಿಂದ ಪೆನ್ನು ಹಿಡಿಯಲಾರಳು, ಕೀ ಒತ್ತಬಲ್ಲಳು. ಹಾಸನದ ಆಸ್ಪತ್ರೆಗೆ ಹೋಗಿಬರುವಾಗ ಅವಳು ಪರದೆಯ ಮೇಲೆ ಮಾತಾಡಲೆಂದೇ ಕಾರಿನಲ್ಲಿ ಕಂಪ್ಯೂಟರ್ ಕೂರಿಸಿದ್ದು. "ಇನ್ವರ್ಟರ್ ಒಂದಾಕಿದ್ರೆ ಸಾಕು ಸಾ" ಎಂದು ಹೇಳಿ ಎಲ್ಲವನ್ನೂ ಜೋಡಿಸಿಕೊಟ್ಟವರು ನೀವು.

ಸಾಲದು. ಇಂಜಿನ್ ಸ್ಟಾರ್ಟ್ ಮಾಡಿದೊಡನೆ ಬ್ಯಾಟರಿ ಒಂದು ಕ್ಷಣ ಸೊರಗಿ ಕಂಪ್ಯೂಟರ್ ಆರಿಹೋಗುತ್ತದೆ. ದೂರಿದರೆ, "ರೈಲ್ವೆ ಗೇಟಲ್ಲಿ ಇಂಜಿನ್ ಆಫ್ ಮಾಡ್ಬೇಡಿ ಸಾ" ಎಂದು ನನಗೇ ಬುದ್ಧಿ ಹೇಳಿದಿರಿ! ಎಪ್ಪತ್ತಮೂರರಲ್ಲಿ ಪೆಟ್ರೋಲ್ ದುಬಾರಿಯಾದಂದಿನಿಂದ ನಾನು ನಿಂತ ಕಾರಿನ ಇಂಜಿನ್ ಆರಿಸದೆ ಬಿಟ್ಟವನಲ್ಲ. ಸ್ಟಾರ್ಟ್ ಮಾಡುವಾಗಲೂ ಆರದಂತೆ, ಬ್ಯಾಟರಿಯಿಂದಲೇ ನೇರವಾಗಿ ಕರೆಂಟ್ ಕೊಡುವ ಪವರ್ ಸಪ್ಲೈ ಬರುತ್ತದೆಂದು ಓದಿದ್ದೇನೆ. ಅದನ್ನೇ ತರಿಸಿ.

ಮೊನ್ನೆ ಗೇಟು ಹಾಕಿದ್ದಾಗ ವೇದವತಿ, "ಮದುವೆಯಾದ ಹೊಸದರಲ್ಲಿ ಇದೇ ಗೇಟಲ್ಲಿ ನೀವು" ಎಂದು ಒತ್ತುವಷ್ಟರಲ್ಲಿ ರೈಲು ಹೋಯಿತು. ನಾನು ಸ್ಟಾರ್ಟ್ ಮಾಡಿದೆ, ಪರದೆ ಕಪ್ಪಾಯಿತು. ಊರಿನವರ ಹಳೆಯ ತಪ್ಪುಗಳೆಲ್ಲ ನೆನಪಿರುವ ನನಗೆ ಅಂದು ನಾನೇನು ಮಾಡಿದ್ದೆನೆಂಬುದು ನೆನಪಾಗುತ್ತಿಲ್ಲ. ಕೇಳಿದರೆ, "ಹೊಸದು ಹಾಕಿಸಿ, ಆಮೇಲೆ ಹೇಳ್ತೀನಿ ಕಣ್ರೀ" ಎಂದು ಒತ್ತಿ ನಗುತ್ತಾಳೆ.

ಇಂತಿ, ಕಾಯುತ್ತಿರುವ
ವೆಂಕಟರಾಮಯ್ಯ