ಚಾಲಕನ ನಿದ್ದೆ

ಮುಖ್ಯಾಧ್ಯಾಪಕಿ ವಾಣಿಶ್ರೀ ಮೇಡಂ ಅವರಿಗೆ, ಶಾಲೆಯ ಬಸ್ ಚಾಲಕ ಹೊನ್ನೇಶನ ನಮಸ್ಕಾರಗಳು.

ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ಬರುತ್ತದೆ ಎಂದು ಗದಗಿನ ಡಾಕ್ಟರು ಗಾಳಿ ಊದುವ ಮಷೀನು ಕೊಟ್ಟಿದ್ದಾರೆ. ಅದರ ಮಾಸ್ಕ್ ಬಿಗಿದುಕೊಂಡೇ ಮಲಗಬೇಕು. ಯಾರೋ ಮುಖ ಅದುಮಿ ಹಿಡಿದಂತಾಗಿ ನಿದ್ದೆಗಣ್ಣಿನಲ್ಲೇ ಕಿತ್ತೆಸೆಯುತ್ತೇನೆ. "ಇನ್ನೊಮ್ಮಿ ಹಾಕ್ಕೊಳ್ರಿ, ರೂಢಿ ಆಗ್ತೈತಿ" ಎಂದು ಹೆಂಡತಿ ಅಳುತ್ತಾಳೆ. ಇನ್ನೂ ರೂಢಿಯಾಗಿಲ್ಲ; ರಾತ್ರಿ ಸರಿಯಾಗಿ ನಿದ್ದೆಯಾಗದೆ ಹಗಲು ತೂಕಡಿಕೆ ಬರುತ್ತದೆ.

ಸೋಮವಾರ ಸೊರಟೂರಿನಿಂದ ಮಕ್ಕಳನ್ನು ಕರೆತರುವಾಗ ಸ್ಟೇರಿಂಗ್ ಹಿಡಿದಂತೆಯೇ ಕಣ್ಣು ಮುಚ್ಚಿಹೋಯಿತು. ಮುಂದೆ ಕೂತಿದ್ದ ನನ್ನ ಮಗಳು ಶಿವಲಕ್ಷ್ಮಿ, "ಅಪ್ಪಾ, ಬಸ್ ಹೊಲದಾಗ ಹೊಂಟೈತಿ!" ಎಂದು ಚೀರಿದಳು. ಬಸ್ಸು ಬದುವಿಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಎತ್ತು ಅಡ್ಡ ಬಂತೆಂದು ನಿಮಗೆ ಸುಳ್ಳು ಹೇಳಿದೆ.

ಇಂದು ಶಿವಲಕ್ಷ್ಮಿಯನ್ನು ಅವಳ ಸೋದರಮಾವನ ಬೈಕಿನಲ್ಲಿ ಶಾಲೆಗೆ ಕಳಿಸಿದೆ. ಉಳಿದ ಮಕ್ಕಳು ಎಂದಿನಂತೆ ನನ್ನ ಬಸ್ಸು ಹತ್ತಿದರು. ಒಂದನೇ ತರಗತಿಯ ಹುಡುಗಿಯೊಬ್ಬಳು, "ಮಾಮಾ, ಅಕ್ಕ ಯಾಕ ಬಂದಿಲ್ಲ?" ಎಂದು ಕೇಳಿದಳು. ಶಾಲೆ ಮುಟ್ಟುವವರೆಗೂ ಬಸ್ಸನ್ನು ನಿಧಾನವಾಗಿ ಓಡಿಸಿದೆ.

ಬಸ್ಸಿನ ಕೀಲಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಬೇರೆ ಕೆಲಸ ಕೊಡುವುದು ಬಿಡುವುದು ನಿಮ್ಮ ಇಷ್ಟ. ಸಂಜೆ ಮಕ್ಕಳನ್ನು ಮನೆ ಮುಟ್ಟಿಸಲು ಬೇರೆ ಚಾಲಕನನ್ನು ಕರೆಸಿರಿ. ಅವನು ಬಂದರೆ ಶಿವಲಕ್ಷ್ಮಿಯನ್ನೂ ಬಸ್ಸು ಹತ್ತಿಸಿರಿ.

ನಿಮ್ಮ ಚಾಲಕನಾಗಿದ್ದ,
ಹೊನ್ನೇಶ